ಚೌದಾ ಅಲ್ಲಾವುದ್ದೀನ

ಬೈಲಹೊಂಗಲದಲ್ಲಿ ಅಲ್ಲಾವುದ್ದೀನ ಎಂಬ ಹೆಸರಿನವರಿಗೆ ಬರವಿಲ್ಲ. ಪಂಕ್ಚರ್ ತೆಗೆಯುವ ಅಲ್ಲಾವುದ್ದೀನ, ಗಾದಿ ಹೊಲಿಯುವ ಅಲ್ಲಾವುದ್ದೀನ, ಮದುವೆಗೆ ಬ್ಯಾಂಡು ಬಾರಿಸುವ ಅಲ್ಲಾವುದ್ದೀನ. ಆದರೆ ‘ಚೌದಾ ಅಲ್ಲಾವುದ್ದೀನ’ ಎಂದರೆ ಒಬ್ಬನೇ. ಚೌದಾ ಎಂದರೆ ಹದಿನಾಲ್ಕು. ಹೆಸರು ಕೇಳಿದ ಪರವೂರಿನವರು ಅವನಿಗೆ ಹದಿನಾಲ್ಕು ಮಕ್ಕಳೆಂದೇ ತಿಳಿದು, ಹೆಂಡತಿ ದಿಲಶಾದಬಿಯನ್ನು ಕಂಡಾಗ ‘ಪಾಪ’ ಎಂದು ಮರುಗುತ್ತಿದ್ದರು. ಅವಳು ಹೆತ್ತದ್ದು ಇಬ್ಬರನ್ನೇ, ಇಕ್ಬಾಲ್ ಮತ್ತು ಸಾಯಿರಾ. ಆ ಹದಿನಾಲ್ಕು ಮಕ್ಕಳು ಊರವರವು. ಊರವರಿಗಿಲ್ಲದ ಉಸಾಬರಿಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಕ್ಕೆ ಊರವರೇ ಸೇರಿ ಇಟ್ಟ ಹೆಸರು ಅದು.

ಮೊದಲು ಅವನು ಹತ್ತಿ ಲಾರಿಯ ಡ್ರೈವರ್. ಇಪ್ಪತ್ತು ವರ್ಷ ಸವದತ್ತಿ, ಮುನವಳ್ಳಿ, ರಾಮದುರ್ಗದ ಕಡೆಯಿಂದ ಹತ್ತಿ ತುಂಬಿಕೊಂಡು ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಗೆ ತಂದು ಸುರಿದವನು. ಹತ್ತಿ ನೋಡಲಿಕ್ಕೆ ಹಗುರ. ಆದ್ದರಿಂದ ಲಾರಿಯ ಮಾಲೀಕರಿಗೆ ಎಷ್ಟು ಹೇರಿದರೂ ಇನ್ನೊಂದು ಮೂಟೆಗೆ ಜಾಗ ಕಾಣುತ್ತಿತ್ತು. ೧೯೯೫ರ ಸುಗ್ಗಿಯಲ್ಲಿ ಹಾಗೆ ಆಕಾಶಕ್ಕೆ ಏಣಿ ಹಾಕಿದಂತೆ ಹೇರಿದ ಲಾರಿ ಸವದತ್ತಿಯ ಇಳಿಜಾರಿನಲ್ಲಿ ತಿರುವು ತೆಗೆದುಕೊಳ್ಳುವಾಗ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮಗ್ಗುಲಿಗೆ ಮಲಗಿತು. ಅಲ್ಲಾವುದ್ದೀನನಿಗೆ ಮೊಣಕೈ ತರಚಿತು. ರಸ್ತೆಯ ಬದಿಗೆ ಮೇಯುತ್ತಿದ್ದ ನಾಲ್ಕು ಕುರಿಗಳು ಮೂಟೆಗಳ ಅಡಿಗೆ ಸಿಕ್ಕು ಸತ್ತವು. ಕುರಿ ಕಾಯುತ್ತಿದ್ದ ಎಂಟು ವರ್ಷದ ಹುಡುಗಿ ಒಂದು ಮಾರು ಆಚೆ ನಿಂತಿದ್ದಳು. ಮಾಲೀಕ ಬಂದ. ಹತ್ತಿ ಎಷ್ಟು ಕೆಟ್ಟಿತು ಎಂದು ಕೇಳಿದ. ಪಂಚನಾಮೆಯಲ್ಲಿ ‘ಚಾಲಕನ ಅಜಾಗರೂಕತೆ, ಪ್ರಾಣಹಾನಿ ಇಲ್ಲ’ ಎಂದು ಬರೆಸಿದ. ಕುರಿಗಳಿಗೆ ಪ್ರಾಣ ಇರುವುದಿಲ್ಲವಲ್ಲ. ಅಲ್ಲಾವುದ್ದೀನ ಅಂದೇ ಕೀಲಿಕೈ ಒಪ್ಪಿಸಿ, ಆ ಹುಡುಗಿಯ ಮುಖವನ್ನು ಕಣ್ಣಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಮರುವರ್ಷ ಅವನಿಗೆ ಊರಿನ ಹೊಸ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯ ಚೇರ್ಮನ್ ಅಮೋಘಸಿದ್ದಪ್ಪ. ಕಬ್ಬು ಬೆಳೆದು, ಗೊಬ್ಬರದ ಅಂಗಡಿ ಇಟ್ಟು, ಅದರಲ್ಲಿ ಉಳಿದ ಹುಮ್ಮಸ್ಸನ್ನು ವಿದ್ಯಾದಾನಕ್ಕೆ ಹಾಕಿದವರು. ಶಾಲೆಯ ಗೋಡೆಯ ಮೇಲೆ ‘ಮಕ್ಕಳು ದೇವರ ಸಮಾನ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಆ ದೇವರುಗಳನ್ನು ಮನೆಯಿಂದ ತರಲು ಜೀಪಿಗಿಂತ ತುಸು ಉದ್ದದ ಒಂದು ಟ್ರ್ಯಾಕ್ಸ್ ಗಾಡಿ ಇತ್ತು. ಯಾವ ಜಗಲಿಯ ಮೇಲೂ ದೇವರನ್ನು ಇಷ್ಟು ಒತ್ತಿ ಕೂಡಿಸುವುದಿಲ್ಲ.

ಮೊದಲ ದಿನವೇ ಅಲ್ಲಾವುದ್ದೀನ ಗಾಬರಿಯಾದ. ಆಯಾ ಗುರುಬಸವ್ವ ಮಕ್ಕಳನ್ನು ಒಂದೊಂದಾಗಿ ಒಳಗೆ ತುರುಕಿ, ಕೊನೆಗೆ ಮೊಣಕಾಲಿನಿಂದ ಬಾಗಿಲು ಒತ್ತಿ ಚಿಲಕ ಹಾಕಿದಳು.

“ಎಷ್ಟು ಮಂದಿ ಅದಾರ, ಗುರುಬಸವ್ವಾ?”

“ಎಣಿಸಬ್ಯಾಡೋ ಅಣ್ಣಾ, ದೃಷ್ಟಿ ತಾಕತೈತಿ!”

ಅವನು ಬಾಗಿಲು ತೆಗೆದು ಎಲ್ಲರನ್ನೂ ಇಳಿಸಿ ಎಣಿಸಿದ. ಮೂವತ್ತೊಂದು. ಮೂವತ್ತೆರಡನೆಯವನು ಸೀಟಿನ ಕೆಳಗೆ ಪಾಟಿಚೀಲಗಳ ನಡುವೆ ನಿದ್ದೆ ಹೋಗಿದ್ದ.

ನೇರ ಹೆಡ್‌ಮಾಸ್ತರ ವೆಂಕಣ್ಣನವರ ಕಡೆಗೆ ಹೋದ. ವೆಂಕಣ್ಣನವರು ಚಚಡಿಯ ಸರ್ಕಾರಿ ಶಾಲೆಯಿಂದ ನಿವೃತ್ತರಾಗಿ ಬಂದವರು. ಎಂಥ ಪ್ರಶ್ನೆಗೂ ಅವರಲ್ಲಿ ಒಂದು ಸಮಾಧಾನ ಇರುತ್ತಿತ್ತು, ಉತ್ತರ ಇರುತ್ತಿರಲಿಲ್ಲ.

“ಮಕ್ಕಳು ಅಂದ್ರ ಹತ್ತಿ ಅರಳಿ ಇದ್ದಂಗ ಅಲ್ಲಾವುದ್ದೀನ, ಒತ್ತಿದಷ್ಟೂ ಹಿಡೀತಾವ.”

“ಅರಳಿ ಒತ್ತಿದ್ದಕ್ಕ ನನ್ನ ಲಾರಿ ಪಲ್ಟಿ ಆತ್ರಿ ಸರ.”

ವೆಂಕಣ್ಣನವರು ಕನ್ನಡಕ ಒರೆಸಿಕೊಂಡರು. ಅದು ‘ನಿನ್ನ ಮನಸ್ಸಿಗೆ ಬಂದಂತೆ ಮಾಡು, ನನ್ನನ್ನು ಕೇಳಬೇಡ’ ಎನ್ನುವುದರ ಗುರುತು. ಅಲ್ಲಾವುದ್ದೀನ ಮಕ್ಕಳನ್ನು ಸೀಟಿನ ಮೇಲೆ ಬೆನ್ನು ಹಚ್ಚಿ ಕೂಡಿಸಿ ನೋಡಿದ. ಹದಿನಾಲ್ಕು ಹಿಡಿದವು. ಮರುದಿನದಿಂದ ಎರಡು ಟ್ರಿಪ್ಪು ಮಾಡಿದ. ಇನ್ನು ನಾಲ್ವರು ಉಳಿದರು. ವಿಚಾರಿಸಿದರೆ ಅವರ ಮನೆಗಳು ಶಾಲೆಯ ಹಿಂದಿನ ಓಣಿಯಲ್ಲೇ ಇದ್ದವು. ಫೀ ಕಟ್ಟಿದ ಮೇಲೆ ಗಾಡಿ ಹತ್ತದೆ ಬಿಡುವುದು ಹೇಗೆಂದು ತಾಯಿತಂದೆಗಳು ಅವರನ್ನು ಇಡೀ ಊರು ಸುತ್ತಿಸಿ ಕಳಿಸುತ್ತಿದ್ದರು. ಆ ನಾಲ್ವರು ಗುರುಬಸವ್ವನ ಕೈ ಹಿಡಿದು ಮೂರು ನಿಮಿಷದಲ್ಲಿ ನಡೆದು ಬಂದರು.

ತೊಂದರೆ ಮುಗಿಯಿತು ಎಂದು ಅವನು ತಿಳಿದ. ಆದರೆ ಎರಡು ಟ್ರಿಪ್ಪು ಎಂದರೆ ಮೊದಲನೆಯದು ಏಳಕ್ಕೆ ಹೊರಡಬೇಕು. ಒಂದು ತಿಂಗಳೊಳಗೆ ಪಾಲಕರ ಸಭೆ ಕರೆಯಬೇಕಾಯಿತು. ಅಮೋಘಸಿದ್ದಪ್ಪನವರು ಎದ್ದು ನಿಂತು, ಮಕ್ಕಳ ಸುರಕ್ಷತೆ ಎಲ್ಲಕ್ಕಿಂತ ಮುಖ್ಯ ಹೌದೋ ಅಲ್ಲವೋ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದರು. ಮೊದಲ ಟ್ರಿಪ್ಪಿಗೆ ಯಾರ ಮಕ್ಕಳನ್ನು ಕಳಿಸುತ್ತೀರಿ ಎಂದು ಕೇಳಿದರು. ಎತ್ತಿದ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಬ್ಯಾಂಕ್ ಮ್ಯಾನೇಜರರ ಹೆಂಡತಿ ಪದ್ಮಜಾ ಎದ್ದು ನಿಂತಳು. ಅವಳ ಮಗ ಸುಮೇಧ ಎಲ್‌ಕೆಜಿ. “ನಮ್ಮ ಸುಮೇಧ ಏಳಕ್ಕ ಏಳೂದ ಇಲ್ಲರಿ. ಎಬ್ಬಿಸಿದ್ರ ದಿನಾ ಅಳ್ತಾನ. ಮೊದಲ ಛಲೋ ನಡದಿತ್ತು, ಯಾರಿಗೂ ಏನೂ ಆಗಿದ್ದಿಲ್ಲ. ಈ ಡ್ರೈವರ್ ಬಂದು ಎಲ್ಲಾ ಕೆಡಿಸಿದ ನೋಡ್ರಿ.”

ಬಟ್ಟೆ ಅಂಗಡಿಯವರೊಬ್ಬರು ದನಿಗೂಡಿಸಿದರು: “ಮತ್ತ ಎಷ್ಟ ಸಾವಕಾಶ ಹೊಡೀತಾನ್ರಿ! ಚಕ್ಕಡಿ ಮುಂದ ಹೋಗತಾವು.”

ಬಾಗಿಲ ಹೊರಗೆ ನಿಂತು ಅಲ್ಲಾವುದ್ದೀನ ಎಲ್ಲ ಕೇಳಿದ. ಚಕ್ಕಡಿಯ ಮಾತು ಮಾತ್ರ ಅವನಿಗೆ ನೋವು ಮಾಡಿತು. ಇಪ್ಪತ್ತು ವರ್ಷದ ಲಾರಿ ಡ್ರೈವರ್ ಅವನು. ಕೊನೆಗೆ ತಾನೇ ಒಂದು ದಾರಿ ಹುಡುಕಿದ: ಒಂದು ವಾರ ಈ ಓಣಿಯವರು ಮೊದಲು, ಮರುವಾರ ಆ ಓಣಿಯವರು. ಎಲ್ಲರಿಗೂ ಸಮನಾಗಿ ಅಸಮಾಧಾನವಾಯಿತು. ಡೀಸೆಲ್ ಹೆಚ್ಚು ಸುಡುತ್ತದೆ ಎಂದು ಚೇರ್ಮನ್ನರೂ ಗೊಣಗಿದರು. ಆದರೆ ಕುಡಿಯದ ಡ್ರೈವರ್ ಸಿಗುವುದು ಹುಡುಗಾಟವಲ್ಲ. ಆ ಒಂದು ಗುಣದ ಮೇಲೆ ಅವನ ಹಟ ಎರಡೂವರೆ ವರ್ಷ ನಡೆಯಿತು. ಚೌದಾ ಎಂಬ ಬಿರುದು ಬಂದದ್ದೂ ಆಗಲೇ.

೧೯೯೯ರ ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಬಂತು. ಕಿತ್ತೂರಿನಲ್ಲಿ ಶಾಲಾ ಮಕ್ಕಳ ಜಾಥಾ ಇದೆ, ದೊಡ್ಡ ಸಾಹೇಬರು ಬರುತ್ತಾರೆ, ಪ್ರತಿ ಶಾಲೆಯಿಂದ ಕನಿಷ್ಠ ಅರವತ್ತು ಮಕ್ಕಳು ಬರಬೇಕು ಎಂದು ಪತ್ರ ಬಂದಿತ್ತು. ಕಿತ್ತೂರಿಗೆ ದಾರಿ ಹತ್ತಿರದ್ದಲ್ಲ, ಇರುವುದು ಒಂದೇ ಟ್ರ್ಯಾಕ್ಸ್. ಆದರೆ ಅಮೋಘಸಿದ್ದಪ್ಪನವರು ಯಾವುದಕ್ಕೂ ಹಿಂಜರಿಯುವವರಲ್ಲ. ಬುಧವಾರ ಬೆಳಿಗ್ಗೆ ಅವರ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಟ್ರೇಲರ್ ಸಮೇತ ಶಾಲೆಯ ಅಂಗಳಕ್ಕೆ ಬಂತು. ಅದರ ಮೇಲೆ ನಲವತ್ತು ಮಕ್ಕಳನ್ನು ನಿಲ್ಲಿಸಿದರು. ಉಳಿದವರು ಟ್ರ್ಯಾಕ್ಸಿಗೆ. ಎಲ್ಲರ ಕೈಯಲ್ಲೂ ಫಲಕಗಳು. ಟ್ರೇಲರಿನ ತುದಿಯಲ್ಲಿ ನಿಂತ ಸುಮೇಧ ‘ಮಕ್ಕಳ ಸುರಕ್ಷತೆ ನಮ್ಮೆಲ್ಲರ ಹೊಣೆ’ ಎಂಬುದನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದ. ಆದ್ದರಿಂದ ಬೇರೆ ಏನನ್ನೂ ಹಿಡಿದುಕೊಳ್ಳಲು ಅವನಿಗೆ ಕೈ ಉಳಿದಿರಲಿಲ್ಲ.

ಅಲ್ಲಾವುದ್ದೀನ ಟ್ರ್ಯಾಕ್ಸನ್ನು ಗೇಟಿನಲ್ಲಿ ಅಡ್ಡ ನಿಲ್ಲಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

“ಏನಪಾ, ಗಾಡಿ ಯಾಕ ಅಡ್ಡ ನಿಂದರಿಸಿದಿ? ಹತ್ತಕ್ಕ ಸಾಹೇಬ್ರು ಬರತಾರ!” ಚೇರ್ಮನ್ನರು ಓಡಿ ಬಂದರು.

“ಸಾವಕಾರ್ರ, ಟ್ರೇಲರಿಗೆ ಬಾಜೂಕ ಆಸರಾನ ಇಲ್ರಿ. ಕೂಸುಗೋಳು ಬೀಳತಾವು.”

“ಹತ್ತು ಟನ್ ಕಬ್ಬು ಹೇರತೈತಿ ಅದು. ನಿನ್ನ ಕೂಸುಗೋಳು ಏನ ಭಾರ ಅದಾವು?”

“ಕಬ್ಬಿಗೆ ಹಗ್ಗ ಬಿಗೀತೀರಿ. ಇವಕ್ಕ ಏನ ಬಿಗಿಯೂಣ್ರಿ?”

ವೆಂಕಣ್ಣನವರು ಚೇರ್ಮನ್ನರ ಕಿವಿಯ ಹತ್ತಿರ ಬಾಗಿ, “ಹಗ್ಗ ತರಸಲೇನ್ರಿ?” ಎಂದು ಕೇಳಿದರು. ಪಾಪ, ಅವರು ನಿಜವಾಗಿಯೇ ಕೇಳಿದ್ದರು.

ಮಾತಿಗೆ ಮಾತು ಬೆಳೆದು ಅರ್ಧ ತಾಸು ಹೋಯಿತು. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಎಂದು ಅಲ್ಲಾವುದ್ದೀನ ಕೈ ಮುಗಿದ. ಸರ್ಕಾರಿ ಬಸ್ಸಿನಿಂದ ಇಳಿದರೆ ನಮ್ಮ ಶಾಲೆಯ ಮರ್ಯಾದೆ ಏನಾಗಬೇಕು ಎಂದು ಚೇರ್ಮನ್ನರು ಕೂಗಾಡಿದರು. ಅಷ್ಟರಲ್ಲಿ ಗೇಟಿನ ಹೊರಗೆ ಮಕ್ಕಳನ್ನು ಬೀಳ್ಕೊಡಲು ಬಂದ ತಾಯಂದಿರು ನೆರೆದರು. ಅಲ್ಲಾವುದ್ದೀನನಿಗೆ ಎದೆ ಹಗುರವಾಯಿತು. ಹೆತ್ತವರು, ಇವರಾದರೂ ನೋಡುತ್ತಾರೆ.

ಪದ್ಮಜಾ ನೋಡಿದಳು. ನೋಡಿದವಳೇ ಚೀರಿದಳು: “ಅಯ್ಯ ಸುಮೇಧ, ಇಳಿ ಕೆಳಗ! ಏನದು ಚಡ್ಡಿಗೆ? ನಿನ್ನೆರೆ ನೀಲಿ ಹಾಕಿ ಒಗದೇನಿ!”

ಬುಧವಾರ ಬಿಳಿ ಸಮವಸ್ತ್ರದ ದಿನ. ಟ್ರೇಲರಿನ ತುಂಬ ಕಬ್ಬಿನ ಒಣಗರಿಯ ರವದಿ, ಅಂಟುಜಿಗಿ, ಗ್ರೀಸಿನ ಕರಿಮಸಿ. ಬ್ಯಾಂಕ್ ಮ್ಯಾನೇಜರರ ಹೆಂಡತಿ ಮಗನನ್ನು ಇಳಿಸಿಕೊಂಡದ್ದನ್ನು ಕಂಡ ಉಳಿದ ತಾಯಂದಿರೂ ತಮ್ಮ ತಮ್ಮ ಮಕ್ಕಳ ಚಡ್ಡಿ, ಲಂಗಗಳ ಕಡೆ ನೋಡಿದರು. ಐದು ನಿಮಿಷದಲ್ಲಿ ಟ್ರೇಲರ್ ಖಾಲಿ. ಕೈಕಾಲು ಮುರಿದೀತೆಂದು ಅರ್ಧ ತಾಸು ಹೇಳಿದರೂ ಆಗದಿದ್ದ ಕೆಲಸವನ್ನು ಮಸಿ ಮಾಡಿತು. ಅಲ್ಲಾವುದ್ದೀನ ಗೇಟಿನಲ್ಲಿ ನಿಂತು ನೋಡಿದ. ಈ ಊರಿನಲ್ಲಿ ಹೇಗೆ ಮಾತಾಡಬೇಕೆಂಬುದು ಅವನಿಗೆ ಅಂದು ಮೊದಲ ಸಲ ತಿಳಿಯಿತು.

ಕಿತ್ತೂರಿಗೆ ಹದಿನಾಲ್ಕೇ ಮಕ್ಕಳು ಹೋದರು. ಬೇರೆ ಶಾಲೆಗಳಿಂದ ಲಾರಿ ತುಂಬಿ ಬಂದ ಮಕ್ಕಳು ಬಿಸಿಲಿಗೆ ಬಾಡಿ, ನೀರಿಗೆ ಅತ್ತು, ಕೆಲವರು ತಲೆ ತಿರುಗಿ ಕುಳಿತಿದ್ದರು. ಈ ಹದಿನಾಲ್ವರು ಕುಳಿತು ಬಂದವರು. ನೀರು ಕುಡಿದು, ಒಂದು ಸಾಲಿನಲ್ಲಿ ನೆಟ್ಟಗೆ ನಿಂತರು. ಸಾಹೇಬರು ಅವರಿಗೆ ‘ಅತ್ಯಂತ ಶಿಸ್ತಿನ ತಂಡ’ ಎಂಬ ಬಹುಮಾನ ಕೊಟ್ಟರು. ಮಕ್ಕಳ ಸುರಕ್ಷತೆಗಾಗಿ ದುಡಿಯುತ್ತಿರುವ ಅಮೋಘಸಿದ್ದಪ್ಪನವರಿಗೆ ಶಾಲು ಹೊದಿಸಿದರು. ಚೇರ್ಮನ್ನರು ಶಾಲು ಹೊದ್ದುಕೊಂಡೇ ಊರಿಗೆ ಮರಳಿ, ಅದನ್ನು ತೆಗೆಯುವ ಮೊದಲೇ ಅಲ್ಲಾವುದ್ದೀನನನ್ನು ಕೆಲಸದಿಂದ ತೆಗೆದರು.

ಪತ್ರವನ್ನು ಮನೆಯಲ್ಲಿ ಮಗಳು ಸಾಯಿರಾ ಓದಿದಳು. ಅವಳು ಉರ್ದು ಶಾಲೆಯಲ್ಲಿ ಐದನೇ ಇಯತ್ತೆ. ಆದರೂ ಮನೆಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಓದುವವಳು ಅವಳೊಬ್ಬಳೇ.

“‘ಮಕ್ಕಳ ಹಿತದೃಷ್ಟಿಯಿಂದ ನಿಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ.’ ಹಂಗಂತ ಐತಿ ಅಬ್ಬಾ.”

“ಹಿತದೃಷ್ಟಿ ಅಂದ್ರ ಏನವಾ?”

“ಮಕ್ಕಳಿಗೆ ಛಲೋ ಆಗಲಿ ಅನ್ನೂದು.”

ದಿಲಶಾದಬಿ ಒಲೆಯ ಮುಂದಿನಿಂದಲೇ ಸಿಡಿದಳು: “ಊರ ಮಂದಿ ಮಕ್ಕಳಿಗೆಲ್ಲಾ ನೀವ ಅಪ್ಪ ಆಗಾಕ ಹೋದ್ರಿ. ಅವರವ್ವ ಅಪ್ಪಗ ಇಲ್ಲದ ಕಾಳಜಿ ನಿಮಗ್ಯಾಕ ಬೇಕಿತ್ತು?”

ಅವನು ಪತ್ರ ಮಡಚಿ ಜೇಬಿಗೆ ಹಾಕಿಕೊಂಡ. ಮರುದಿನ ರೂಢಿಯಂತೆ ಎದ್ದ, ಮುಖ ತೊಳೆದ, ಹೋಗಲು ಎಲ್ಲೂ ಇರಲಿಲ್ಲ. ಹೊಸ ಡ್ರೈವರ್ ಒಂದೇ ಟ್ರಿಪ್ಪಿನಲ್ಲಿ ಕೆಲಸ ಮುಗಿಸುತ್ತಾನೆಂದು ಊರೆಲ್ಲ ಹೊಗಳಿತು. ಅಲ್ಲಾವುದ್ದೀನ ಓಣಿಯ ಮೂಲೆಯಲ್ಲಿ ನಿಂತು, ಹಾದುಹೋಗುವ ಟ್ರ್ಯಾಕ್ಸಿನ ಕಿಟಕಿಗಳಲ್ಲಿ ತಲೆ ಎಣಿಸಲು ನೋಡಿದ. ಇಪ್ಪತ್ತಾರರ ತನಕ ಎಣಿಸಿದ. ಅಷ್ಟರಲ್ಲಿ ಗಾಡಿ ದಾಟಿ ಹೋಯಿತು.

ಕೆಲಸವಿಲ್ಲದವನು ಏನು ಮಾಡಬೇಕು? ಸಾಯಿರಾಳ ಜೊತೆ ಅವಳ ಶಾಲೆಯ ತನಕ ನಡೆದು ಹೋಗತೊಡಗಿದ. ಮಾರುಕಟ್ಟೆಯ ರಸ್ತೆಯಲ್ಲಿ ಹತ್ತಿ ಲಾರಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಾ ಬರುತ್ತಿದ್ದವು. ಸಾಯಿರಾ ಅವನ ಕೈ ಬಿಡಿಸಿಕೊಂಡು, ಎರಡು ಲಾರಿಗಳ ಸಂದಿಯಲ್ಲಿ ಚಂಗನೆ ಆಚೆ ಹಾರಿ, ನಗುತ್ತಾ ತಿರುಗಿ ನಿಂತಳು. “ದಿನಾ ಹಿಂಗ ದಾಟತೇನಿ ಅಬ್ಬಾ, ಅಂಜಬ್ಯಾಡ್ರಿ!” ಅಲ್ಲಾವುದ್ದೀನ ಈಚೆಯೇ ನಿಂತುಬಿಟ್ಟ. ಎರಡೂವರೆ ವರ್ಷ ಊರವರ ಮಕ್ಕಳನ್ನು ಹೊಸ್ತಿಲಿಂದ ಹೊಸ್ತಿಲಿಗೆ ಮುಟ್ಟಿಸಿದ್ದ. ತನ್ನ ಮಗಳು ಈ ರಸ್ತೆಯನ್ನು ಹೇಗೆ ದಾಟುತ್ತಾಳೆಂದು ಒಂದು ದಿನವೂ ಕೇಳಿರಲಿಲ್ಲ.

ಅದೇ ವಾರ ದಿಲಶಾದಬಿ, ಬೈದವಳೇ, ತನ್ನ ತಮ್ಮ ನಾಸಿರನ ಮನೆಗೆ ಹೋಗಿ ಅವನ ಟಾಂಗಾ ಕೇಳಿದಳು. ಟಂಟಂ ಆಟೋಗಳು ಬಂದ ಮೇಲೆ ಟಾಂಗಾ ಹತ್ತುವವರಿರಲಿಲ್ಲ. ನಾಸಿರನ ಕುದುರೆ ನಿಂತಲ್ಲೇ ನಿಂತು ಹೊಟ್ಟೆ ಬೆಳೆಸಿತ್ತು. ಅದರ ಹೆಸರು ಬಿಜಲಿ, ಅಂದರೆ ಮಿಂಚು. ಹೆಸರು ಇಟ್ಟವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. “ಚಕ್ಕಡಿ ಮುಂದ ಹೋಗತಾವು ಅಂದ್ರಲ್ಲ, ಈಗ ಖರೇನ ಹೋಗಲಿ,” ಎಂದು ದಿಲಶಾದಬಿ ಗಂಡನ ಕೈಗೆ ಲಗಾಮು ಕೊಟ್ಟಳು.

ಮೊದಲ ಗಿರಾಕಿ ಸಾಯಿರಾ. ಎರಡನೆಯದು ಯಾರೆಂದು ಊಹಿಸಲೂ ಅವನಿಂದ ಆಗುತ್ತಿರಲಿಲ್ಲ. ಒಂದು ಸಂಜೆ ಪದ್ಮಜಾ ಮನೆಯ ಮುಂದೆ ಬಂದು ನಿಂತಳು.

“ಅಲ್ಲಾವುದ್ದೀನ ಅವರ ಇದ್ದಾರೇನ್ರಿ?”

“ಬರ್ರಿ ಬಾಯಾರ, ಒಳಗ ಬರ್ರಿ,” ಎಂದು ದಿಲಶಾದಬಿ ಕುರ್ಚಿ ಒರೆಸಿದಳು.

ಪದ್ಮಜಾ ಕೂರಲಿಲ್ಲ. “ನಿನ್ನೆ ಬ್ಯಾಂಕಿನ ಮುಂದ ನಿಂತಿದ್ದೆ. ನಮ್ಮ ಸಾಲಿ ಗಾಡಿ ಹಾದುಹೋತು. ಸುಮೇಧ ಡ್ರೈವರನ ತೊಡಿ ಮ್ಯಾಲೆ ಕೂತಿದ್ದ ನೋಡ್ರಿ. ಆ ಡ್ರೈವರ ಬೀಡಿ ಸೇದ್ಲಿಕ್ಕೆ ಹತ್ತಿದ್ದ, ಸ್ಟಿಯರಿಂಗ್ ನನ್ನ ಮಗ ಹಿಡದಿದ್ದ. ಕೇಳಿದ್ರ, ‘ಅಮ್ಮಾ, ನಂಗ ಗಾಡಿ ಹೊಡೀಲಿಕ್ಕೆ ಬರ್ತದ’ ಅಂತಾನ.” ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಅವತ್ತು ಸಭಾದಾಗ ನಾನು ಏನೇನೋ ಅಂದೆ.”

“ಇರಲಿ ತಗೋರಿ ಬಾಯಾರ,” ಎಂದ ಒಳಗಿನಿಂದ ಬಂದ ಅಲ್ಲಾವುದ್ದೀನ.

“ನಿಮ್ಮ ಟಾಂಗಾಕ್ಕ ಕಳಸ್ತೀನಿ. ಎಷ್ಟ ಹೊತ್ತಿಗೆ ಬರ್ತೀರಿ?”

“ಏಳಕ್ಕ ಬರತೇನ್ರಿ.”

“ಆರಕ್ಕ ಎಬ್ಬಸ್ತೀನಿ,” ಎಂದಳು ಪದ್ಮಜಾ.

ಬ್ಯಾಂಕ್ ಮ್ಯಾನೇಜರರ ಮಗ ಟಾಂಗಾದಲ್ಲಿ ಹೋಗುತ್ತಾನೆಂದ ಮೇಲೆ ಟಾಂಗಾ ಎಂದರೆ ದೊಡ್ಡಸ್ತಿಕೆಯಾಯಿತು. ತಿಂಗಳೊಳಗೆ ಏಳು ಮಕ್ಕಳು ತುಂಬಿದರು. ಆಮೇಲೆ ಹಳೆಯ ರಾಗ ಶುರುವಾಯಿತು: ನಮ್ಮದೊಂದು ಕೂರಿಸಿಕೊಳ್ಳಿ, ಸಣ್ಣದು, ಮೂಲೆಯಲ್ಲಿ ಕೂರುತ್ತದೆ. ಅಲ್ಲಾವುದ್ದೀನ ಈ ಸಲ ವಾದಕ್ಕೆ ಇಳಿಯಲಿಲ್ಲ. “ಹತ್ತಸ್ರಿ, ಅದಕ್ಕೇನು,” ಎನ್ನುತ್ತಿದ್ದ. ಎಂಟನೆಯ ಮಗು ಹತ್ತಿದೊಡನೆ ಬಿಜಲಿ ನಿಂತುಬಿಡುತ್ತಿತ್ತು. ಬಾರುಕೋಲು ತೋರಿಸಿದರೂ, ಗದರಿಸಿದರೂ ಒಂದು ಹೆಜ್ಜೆ ಇಡುತ್ತಿರಲಿಲ್ಲ. “ಕುದುರಿ ಒಲ್ಲೆ ಅಂತೈತ್ರಿ, ನಾ ಏನ ಮಾಡ್ಲಿ?” ಎಂಟನೆಯದನ್ನು ಇಳಿಸಿದರೆ ತಕ್ಷಣ ಹೊರಡುತ್ತಿತ್ತು. ಎಂಥ ಶಾಣ್ಯಾ ಕುದುರೆ ಎಂದು ಊರು ಮೂಗಿನ ಮೇಲೆ ಬೆರಳಿಟ್ಟಿತು. ಮನುಷ್ಯ ಹೇಳಿದರೆ ಸಭೆ ಕರೆಯುವವರು ಕುದುರೆಯ ಮುಂದೆ ತಲೆ ಬಾಗಿದರು. ಮೊಣಕಾಲಿನ ಸಂದಿಯಲ್ಲಿ ಹಿಡಿದ ಲಗಾಮನ್ನು ಅಲ್ಲಾವುದ್ದೀನ ಎರಡು ಬೆರಳಿನಿಂದ ಮೆಲ್ಲಗೆ ಜಗ್ಗುತ್ತಿದ್ದದ್ದು ಪಕ್ಕದಲ್ಲಿ ಕೂರುತ್ತಿದ್ದ ಸಾಯಿರಾಳಿಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ಹೀಗೆ ಆರು ವರ್ಷ ಟಾಂಗಾ ನಡೆಯಿತು. ಈ ಆರು ವರ್ಷ ಶಾಲೆಯ ಟ್ರ್ಯಾಕ್ಸ್ ಕೂಡ ಮೂವತ್ತು, ಮೂವತ್ತೈದು ಮಕ್ಕಳನ್ನು ಹೇರಿಕೊಂಡು ಓಡಾಡಿತು. ಏನೂ ಆಗಲಿಲ್ಲ. ಒಂದು ಮಗುವಿನ ಹಲ್ಲೂ ಅಲ್ಲಾಡಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಅಮೋಘಸಿದ್ದಪ್ಪನವರು, “ಏನಪಾ ಚೌದಾ, ಏನಾತು? ಏನೂ ಆಗಲಿಲ್ಲ ನೋಡು!” ಎಂದು ಬೆನ್ನು ತಟ್ಟುತ್ತಿದ್ದರು. ಅಲ್ಲಾವುದ್ದೀನ, “ಅಲ್ಲಾನ ಮೆಹರ್ಬಾನಿ ಸಾವಕಾರ್ರ, ಹಿಂಗ ಇರಲಿ,” ಎನ್ನುತ್ತಿದ್ದ. ತಾನು ಹೇಳಿದ್ದು ನಿಜವೆಂದು ತೋರಿಸಿಕೊಳ್ಳಲು ಯಾರದೋ ಮಗುವಿನ ಕೈ ಮುರಿಯಬೇಕಾಗುತ್ತದೆ ಎಂದು ಅವನಿಗೆ ತಿಳಿದಿತ್ತು. ಅಂಥ ಸಾಕ್ಷಿ ಅವನಿಗೆ ಬೇಕಿರಲಿಲ್ಲ. ಸುಳ್ಳಾದವನಾಗಿಯೇ ಇದ್ದುಬಿಟ್ಟ.

೨೦೦೫ರಲ್ಲಿ ಊರಿಗೆ ಇನ್ನೊಂದು ಇಂಗ್ಲಿಷ್ ಶಾಲೆ ಬಂತು, ಹಳದಿ ಬಸ್ಸು ತಂದಿತು. ಅಮೋಘಸಿದ್ದಪ್ಪನವರಿಗೆ ಅಂದು ಮಕ್ಕಳ ಸುರಕ್ಷತೆಯ ಚಿಂತೆ ಹತ್ತಿತು. ಎರಡೇ ತಿಂಗಳಲ್ಲಿ ಅವರದೂ ಹಳದಿ ಬಸ್ಸು ಬಂತು, ನಲವತ್ತು ಸೀಟಿನದು. ಟಾಂಗಾದ ಮಕ್ಕಳೆಲ್ಲ ಬಸ್ಸಿಗೆ ಹೋದರು. ಪದ್ಮಜಾ ಮಾತ್ರ ಹೇಳಿ ಹೋದಳು, ಉಳಿದವರು ಹೇಳದೆ ಹೋದರು. ಬಸ್ಸಿನ ಪೂಜೆಯ ದಿನ ಅಲ್ಲಾವುದ್ದೀನ ಯಾರೂ ಕರೆಯದಿದ್ದರೂ ಹೋಗಿ, ಮಕ್ಕಳೆಲ್ಲ ಒಬ್ಬೊಬ್ಬರಿಗೆ ಒಂದೊಂದು ಸೀಟು ಹಿಡಿದು ಕೂತದ್ದನ್ನು ಕಿಟಕಿಯಿಂದ ನೋಡಿ, ಮನೆಗೆ ಬಂದು ಚಹಾ ಕೇಳಿದ.

“ಹೊಟ್ಟಿ ಮ್ಯಾಲೆ ಕಾಲಿಟ್ಟಾರ, ನಿಮಗ ಖುಷಿ ಏನ ಬಂತು?” ಎಂದಳು ದಿಲಶಾದಬಿ.

“ಎಲ್ಲಾವೂ ಕುಂತಾವ,” ಎಂದ ಅವನು.

ಬಿಜಲಿಯನ್ನು ನಾಸಿರನಿಗೆ ಮರಳಿಸಿದ. ಸಾಯಿರಾ ಆಗ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಾವುದ್ದೀನ ಮಗ ಇಕ್ಬಾಲನ ಟೈರ್ ಅಂಗಡಿಯ ಮುಂದೆ ಮರದ ಸ್ಟೂಲಿನ ಮೇಲೆ ಕೂರತೊಡಗಿದ. ಬೈಕಿನ ಟ್ಯಾಂಕಿನ ಮೇಲೆ ಒಂದು, ಹಿಂದೆ ಎರಡು ಮಕ್ಕಳನ್ನು ಹೇರಿಕೊಂಡು ಯಾರಾದರೂ ಬಂದರೆ, “ಏ ತಮ್ಮಾ, ನಿಂದರು ಒಂಚೂರು,” ಎಂದು ಎದ್ದು ನಿಲ್ಲುತ್ತಿದ್ದ. ಬರಬರುತ್ತ ಅಂಥವರೆಲ್ಲ ಇವನಿಗೆ ಪೊಲೀಸರಿಗಿಂತ ಹೆಚ್ಚು ಹೆದರಿ, ಅಂಗಡಿ ಬರುವ ಮೊದಲೇ ಹಿಂದಿನ ಓಣಿಗೆ ತಿರುಗಿಸಿಕೊಂಡು ಹೋಗುತ್ತಿದ್ದರು.